ಜೇವರಗಿಯ ಹೆಚ್ಚುವರಿ ಇಪ್ಪತ್ನಾಲ್ಕು

ಜೇವರಗಿಯ ಮೂರು ತಾಲೂಕು ಕೂಡು ದಾಖಲೆ ಕೇಂದ್ರದಲ್ಲಿ ಹೋದ ಮಾರ್ಚ್ ತಿಂಗಳು ಇಪ್ಪತ್ನಾಲ್ಕು ಹೆಚ್ಚಿಗೆ ಸಿಕ್ಕವು. ಏನು ಇಪ್ಪತ್ನಾಲ್ಕು ಅಂತ ಆಗ ಯಾರೂ ಕೇಳಲಿಲ್ಲ. ಕಚೇರಿಯಲ್ಲಿ ಕಡಿಮೆ ಬಿದ್ದರೆ ಅದು ದಿನದ ಮಾತು. ಹೆಚ್ಚಿಗೆ ಸಿಕ್ಕರೆ ಮಾತ್ರ ವಿಚಾರಣೆ ಆಗತಕ್ಕದ್ದು. ಆಯಿತು.

ಆ ಕಚೇರಿಯ ಗೇಟಿನ ಬಾಜು, ಬೇವಿನ ಗಿಡದ ಬುಡಕ್ಕೆ ನನ್ನ ಶೇಂಗಾದ ಬುಟ್ಟಿ. ಸಾಹೇಬರ ಕಿಟಕಿ ನನ್ನ ತಲೆಯ ಮೇಲೆಯೇ ತೆರೆಯುತ್ತದೆ, ಸಾಹೇಬರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಹಿಂಗಾಗಿ ಕೆಳಗಿನದೆಲ್ಲ ಖರೇ.

ಮೊದಲು ಜೇವರಗಿ, ಆಳಂದ, ಅಫಜಲಪುರ ಮೂರಕ್ಕೂ ಬೇರೆ ಬೇರೆ ಕಂಪ್ಯೂಟರು ಇದ್ದವು. ಆಮೇಲೆ ಮೇಲಿನವರು ಕಪಾಟಿನಷ್ಟು ದೊಡ್ಡದು ಒಂದೇ ಯಂತ್ರ ಕಳಿಸಿದರು. ಅದರ ಹೊಟ್ಟೆಯೊಳಗೆ ಮೂರು ಕಂಪ್ಯೂಟರು ಅವೆ ಅಂತ ನಾವು ತಿಳಕೋಬೇಕು. ಕಣ್ಣಿಗೆ ಕಾಣಲ್ಲ, ಕೈಗೆ ಹತ್ತಲ್ಲ, ಆದರೆ ತಾಲೂಕಿಗೊಂದರಂತೆ ಪಹಣಿ ಕೊಡುತ್ತವೆ. ಕಾಗದದಲ್ಲಿ ಅವಕ್ಕೆ ಕಲ್ಪಿತ ಗಣಕಯಂತ್ರ ಅಂತ ಹೆಸರು. ಕಾಣದ್ದನ್ನು ಅದ ಅನ್ನುವುದು ಈ ಕಚೇರಿಗೆ ಹೊಸದಲ್ಲ. ಹಿತ್ತಲಿನ ಬೋರವೆಲ್ಲೂ ಹಂಗೇ ಅದ.

ಆ ಮೂರು ಕಲ್ಪಿತಗಳಿಗೆ ದೊಡ್ಡ ಯಂತ್ರದ ಮೆಮರಿಯನ್ನು ಪಾಲು ಮಾಡಿ ಹಂಚಬೇಕಿತ್ತು. ಹೆಂಗ ಹಂಚಬೇಕು ಅಂತ ಹೇಳುವ ಕೈಪಿಡಿ ಇಂಗ್ಲೀಷಿನಲ್ಲಿತ್ತು. ಅದನ್ನು ಕನ್ನಡಕ್ಕೆ ತರುವ ಕೆಲಸ ಮುಸ್ಕಾನಳ ಪಾಲಿಗೆ ಬಂತು. ಇಜೇರಿಯ ಜೈತುನಬಿಯ ಮಗಳು ಆಕೆ, ಕಚೇರಿಯಲ್ಲಿ ಹನ್ನೊಂದು ತಿಂಗಳ ಗುತ್ತಿಗೆಯ ಆಪರೇಟರು. ಮಾರ್ಚ್ ಮೂವತ್ತೊಂದಕ್ಕೆ ಗುತ್ತಿಗೆ ಮುಗಿಯುತ್ತಿತ್ತು. ಕೈಪಿಡಿಗೆ ಸಾಹೇಬರ ಸಹಿ ಬಿದ್ದರೆ ಮತ್ತೆ ಹನ್ನೊಂದು ತಿಂಗಳು, ಬೀಳದಿದ್ದರೆ ಮನೆ. ಮನೆಯಲ್ಲಿ ದುಡಿಯುವ ಕೈ ಅದೊಂದೇ.

ಹುಡುಗಿ ಕೈಪಿಡಿ ಚಲೋ ಬರೆದಳು. ಆದರೆ ಅಷ್ಟರಲ್ಲಿ ಆಳಂದದ ಗುಮಾಸ್ತ ಅರುಣಕುಮಾರನ ಪತ್ರ ಬಂತು. ತಾನು ಕರಡು ಪ್ರತಿ ನೋಡಿ ಆಳಂದದ ಕಲ್ಪಿತಕ್ಕೆ ನಾಲ್ಕು ಜಿಬಿ ಕೊಡಲು ಹೋದೆ, ಯಂತ್ರ ಎಂಬಿಯಲ್ಲಿ ಬರಿ ಅಂತು, ನಾಲ್ಕು ಸಾವಿರ ಅಂತ ಬರೆದೆ, ಸಾಲದು ಅಂತ ಒಲೆಯ ಹಿಂದಿನ ಬೆಕ್ಕಿನಂತೆ ಕುಂತುಬಿಟ್ಟಿದೆ, ಒಂಬತ್ತು ದಿವಸದಿಂದ ಆಳಂದದಲ್ಲಿ ಪಹಣಿ ಇಲ್ಲ, ಅಂತ.

ಮುಸ್ಕಾನ ಕೈಪಿಡಿಯ ಮೊದಲ ಪುಟದಲ್ಲಿ ಒಂದು ಸಾಲು ಸೇರಿಸಿದಳು: “ಈ ಕೈಪಿಡಿಯಲ್ಲಿ ಒಂದು ಜಿಬಿ ಎಂದರೆ ಒಂದು ಸಾವಿರದ ಇಪ್ಪತ್ನಾಲ್ಕು ಎಂಬಿ ಎಂದು ತಿಳಿಯತಕ್ಕದ್ದು.”

ಇಷ್ಟೇ. ಈ ಒಂದು ಸಾಲಿಗೆ ಏಳು ಸಭೆ ಆದವು.

ದೌಲತರಾಯ ಸಾಹೇಬರು ತೊಗರಿ ಅಡತಿಯವರ ಮನೆತನ. ನೌಕರಿಗೆ ಸೇರಿ ಇಪ್ಪತ್ತೆಂಟು ವರ್ಷವಾದರೂ ಕೈ ತಕ್ಕಡಿ ಹಿಡಿದಂಗೇ ಆಡುತ್ತದೆ. ಸಾಲು ಓದಿದವರೇ ಕನ್ನಡಕ ತೆಗೆದರು.

“ತಂಗಿ, ಸಾವಿರ ಕೇಳಿದವರಿಗೆ ಸಾವಿರದ ಇಪ್ಪತ್ನಾಲ್ಕು ಯಾವ ಅಂಗಡ್ಯಾವ ಕೊಡ್ತಾನ?”

“ಯಾರೂ ಕೊಟ್ಟಿಲ್ರಿ ಸಾಹೇಬ್ರ. ಅದರ ಲೆಕ್ಕಾನೇ ಹಂಗದ. ಕಂಪ್ಯೂಟರಿಗಿ ಹತ್ತು ಬೆರಳಿಲ್ರಿ, ಎರಡೇ. ಒಂದು ಎರಡಾಗ್ತದ, ಎರಡು ನಾಕು, ನಾಕು ಎಂಟು. ಹಿಂಗ ಹತ್ತು ಸಲ ಇಮ್ಮಡಿ ಮಾಡಿದ್ರ ಸಾವಿರಕ್ಕ ನಿಂದ್ರಲ್ಲ, ಸಾವಿರದ ಇಪ್ಪತ್ನಾಲ್ಕಕ್ಕ ನಿಂದ್ರತದ.”

“ಎರಡು ಬೆರಳಿನವನ ಕೈಯಾಗ ಇಷ್ಟ್ಯಾಕ ಉಳೀತು? ಇದು ಕೊಸರು.”

ನಮ್ಮ ಕಡೆ ಶೇಂಗಾ ಅಳೆದ ಮೇಲೆ ಒಂದು ಹಿಡಿ ಮೇಲೆ ಹಾಕುತ್ತೇವೆ. ಅದು ಕೊಸರು. ಹಾಕದವಳ ಬುಟ್ಟಿಗೆ ಗಿರಾಕಿ ಎರಡನೇ ಸಲ ಬಗ್ಗಲ್ಲ. ನಾನು ಹಾಕಬಹುದು, ನೀವು ತಗೋಬಹುದು. ಆದರೆ ಸರಕಾರಿ ಮನುಷ್ಯ ತಗೊಂಡರೆ ಅದಕ್ಕೆ ಬೇರೆ ಹೆಸರು, ಆ ಹೆಸರು ಸಾಹೇಬರಿಗೆ ಚಲೋ ಗೊತ್ತು. ಹೊಲದ ಮಾಪನಕ್ಕೆ ಬಂದವರು ತರುವ ಹುರಿಗಡಲೆ ಪೊಟ್ಟಣದ ಕಥೆ ನಾನಿಲ್ಲಿ ಹೇಳುವುದಿಲ್ಲ.

ಮರುದಿನ ನೋಟೀಸ್ ಬೋರ್ಡಿಗೆ ಪ್ರಕಟಣೆ ಬಿತ್ತು:

“ಕೇಂದ್ರಕ್ಕೆ ಸರಬರಾಜಾದ ಮೆಮರಿಯಲ್ಲಿ ಪ್ರತಿ ಸಾವಿರಕ್ಕೆ ಇಪ್ಪತ್ನಾಲ್ಕರಂತೆ ಕೊಸರು ಕಂಡುಬಂದಿದ್ದು, ಸದರಿ ಕೊಸರನ್ನು ಯಾರು, ಯಾವಾಗ, ಯಾವ ಪಾತ್ರೆಯಲ್ಲಿ ಸ್ವೀಕರಿಸಿದರು ಎಂಬುದು ತಿಳಿದುಬಂದಿಲ್ಲ. ಸ್ವೀಕರಿಸಿದವರು ಮೂರು ದಿನದೊಳಗೆ ತಂದು ಒಪ್ಪಿಸಿದಲ್ಲಿ ಮೃದು ಕ್ರಮ ಜರುಗಿಸಲಾಗುವುದು.”

ಮೂರು ದಿನದಲ್ಲಿ ಯಾರೂ ತಂದು ಒಪ್ಪಿಸಲಿಲ್ಲ. ಜನ ತಾವೇ ಹುಡುಕಿದರು. ಇಜೇರಿಯಲ್ಲಿ ಜೈತುನಬಿಯ ಮನೆಗೆ ಆ ವಾರವೇ ಹೊಸ ಕೂಲರ್ ಬಂದಿತ್ತು. ಕಂತಿನ ಮೇಲೆ ತಂದದ್ದು ಅಂತ ನನಗೆ ಗೊತ್ತು, ಕಂತಿನ ಚೀಟಿ ಸುದ್ದಾ ನೋಡಿದ್ದೆ. ಆದರೂ ಶೇಂಗಾ ಕಟ್ಟುತ್ತ ಕಟ್ಟುತ್ತ “ಇಪ್ಪತ್ನಾಲ್ಕಕ್ಕ ಎಷ್ಟು ತಂಪು ಬೀಸ್ತದೋ ಏನೋ” ಅಂತ ಅಂದುಬಿಟ್ಟೆ. ಸಂಜೆಯೊಳಗೆ ಆ ಮಾತು ಬಸ್ ಸ್ಟ್ಯಾಂಡ್ ದಾಟಿ ಇಜೇರಿ ಮುಟ್ಟಿ, ಫ್ರಿಜ್ಜೂ ಸೇರಿಕೊಂಡು ವಾಪಸ್ ಬಂತು.

ಮುಸ್ಕಾನ ನೇರ ನನ್ನ ಬುಟ್ಟಿಯ ಮುಂದೆ ಬಂದು ನಿಂತಳು.

“ಆಯಿ, ನಮ್ಮ ಮನ್ಯಾಗ ಫ್ರಿಜ್ ಎಲ್ಲದ, ತೋರಸು ನಡಿ.”

“ನಾ ಕೂಲರ್ ಅಷ್ಟೇ ಅಂದಿದ್ದೆ ಬೇ. ಫ್ರಿಜ್ಜು ಮುಂದಿನವರು ಕೂಡಿಸ್ಯಾರ. ಇಮ್ಮಡಿ ಆಗ್ತಾ ಹೋಗ್ತದ ಅಂತ ನೀನೇ ಹೇಳಿದ್ದಿ.”

ಹುಡುಗಿ ಅಳುತ್ತಾಳೆ ಅಂದುಕೊಂಡೆ. ನಕ್ಕಳು. ನಕ್ಕು ಕಣ್ಣು ಒರೆಸಿಕೊಂಡಳು. “ಮೂವತ್ತೊಂದಕ್ಕ ನನ್ನ ಹೆಸರು ತೆಗೀತಾರ ಆಯಿ. ಕಳ್ಳಿ ಅಂತ ಬರದು ತೆಗದ್ರ ಇನ್ನೊಂದು ಕಚೇರ್ಯಾಗೂ ತಗೊಳ್ಳಲ್ಲ.” ನಾನು ಒಂದು ಹಿಡಿ ಶೇಂಗಾ ಕೊಟ್ಟೆ. ಕೊಸರು ಹಾಕಲಿಲ್ಲ, ವಿಚಾರಣೆ ನಡೆದಿತ್ತಲ್ಲ.

ಇಪ್ಪತ್ತಾರನೇ ತಾರೀಖು ಮೂರು ತಾಲೂಕಿನ ಸಮಿತಿ ಕೂತಿತು. ಜೇವರಗಿಯಿಂದ ದೌಲತರಾಯ ಸಾಹೇಬರು. ಆಳಂದದಿಂದ ಅರುಣಕುಮಾರ, ಸರಸಂಬಾದ ಮಾಸ್ತರರ ಮಗ, ಪಟ್ಟಿ ಇಟ್ಟು ಮೀಸೆ ಕತ್ತರಿಸುವವ. ಅಫಜಲಪುರದಿಂದ ಅಬ್ದುಲ್ ಗನಿ, ನೌಕರಿ ಕಚೇರಿಯಲ್ಲಿ, ಜೀವ ಕಬ್ಬಿನ ಹೊಲದಲ್ಲಿ.

“ಕಿಲೋ ಅಂದ್ರ ಸಾವಿರ,” ಅಂದ ಅರುಣಕುಮಾರ. “ಕಿಲೋಮೀಟರಿಗೂ ಸಾವಿರ, ಕಿಲೋಗ್ರಾಮಿಗೂ ಸಾವಿರ. ನಮ್ಮಪ್ಪ ಅದಕ್ಕ ಎಷ್ಟು ಹುಡುಗರಿಗಿ ಬಡದಾನ. ಆಳಂದದಾಗ ಸಾವಿರದ ಮ್ಯಾಲ ಒಂದೂ ತಗೊಳ್ಳಲ್ಲ.”

“ತಗೊಳ್ಳಲಿಲ್ಲಂದ್ರ ನಿಮ್ಮದು ಚಾಲೂ ಆಗಲ್ರಿ,” ಅಂದಳು ಮುಸ್ಕಾನ.

“ಬಂದ್ ಇರಲಿ. ಪ್ರಾಮಾಣಿಕವಾಗಿ ಬಂದ್ ಅದ.”

ಅಬ್ದುಲ್ ಗನಿ ಎಲೆ ಅಡಿಕೆ ಮಡಚುತ್ತ, “ನೀವಿಬ್ಬರೂ ಕಬ್ಬು ತೂಗೋ ಕಾಟಾ ನೋಡಿಲ್ಲ ಕಾಣ್ತದ,” ಅಂದ. “ಯಾವ ಊರಿನ ಕಾಟಾ ಅಂತ ಕೇಳಬ್ಯಾಡ್ರಿ. ಕಬ್ಬು ಏರಿತಂದ್ರ ತೂಕ ಇಳೀತದ. ಮಣ್ಣಂತ, ಒಣಗರಿ ರವದಿ ಅಂತ, ತೂಕದಾಗ ಸೂಟು ಮುರೀತಾರ. ಸಾವಿರಕ್ಕ ಸಾವಿರ ಬರೆದ ಚೀಟಿ ನಮ್ಮ ದಾದಾನೂ ಕಂಡಿಲ್ಲ. ಇವ್ರು ಇಪ್ಪತ್ನಾಲ್ಕು ಕೂಡಸ್ಯಾರ, ನಮ್ಮ ಕಡೆ ಇಪ್ಪತ್ನಾಲ್ಕು ಮುರೀಬೇಕು. ಒಂಬೈನೂರ ಎಪ್ಪತ್ತಾರು. ಇದು ರೈತರ ಲೆಕ್ಕ.”

ಮುಸ್ಕಾನ ಸಾವಕಾಶ ಹೇಳಿದಳು: “ಸಾವಿರದ ಲೆಕ್ಕನೂ ಅದ, ಸಾವಿರದ ಇಪ್ಪತ್ನಾಲ್ಕರ ಲೆಕ್ಕನೂ ಅದ. ಒಬ್ಬೊಬ್ಬರು ಒಂದೊಂದು ಹಿಡೀತಾರ. ಅದಕ್ಕೇ ನಮ್ಮ ಪುಸ್ತಕದಾಗ ಹಿಡದದ್ದು ಯಾವ್ದು ಅಂತ ಒಂದು ಸಾಲು ಬರದೇನಿ. ಮತ್ತೇನಿಲ್ರಿ.”

“ಅಂದ್ರ ಎರಡು ಲೆಕ್ಕ ಅವ ಅಂತ ಒಪ್ಪಿದಿ,” ಅಂದರು ಸಾಹೇಬರು. “ಎರಡು ಲೆಕ್ಕ ಇಡೂದು ಅಪರಾಧ.”

“ಮೂರು ಇಡ್ರಿ ಹಂಗಾರ,” ಅಂದ ಅಬ್ದುಲ್ ಗನಿ.

ಅವನು ಚೇಷ್ಟೆಗೆ ಅಂದದ್ದು. ಸಾಹೇಬರು ಬರೆದುಕೊಂಡರು. ಇಪ್ಪತ್ತೆಂಟಕ್ಕೆ ಠರಾವು ಹೊರಬಿತ್ತು:

“ಸ್ಥಳೀಯ ಪದ್ಧತಿಗಳಿಗೆ ಧಕ್ಕೆ ಬಾರದಂತೆ, ಒಂದು ಜಿಬಿಯು ಜೇವರಗಿಯಲ್ಲಿ ಕೊಸರು ಸಹಿತ ಸಾವಿರದ ಇಪ್ಪತ್ನಾಲ್ಕು, ಆಳಂದದಲ್ಲಿ ನಿವ್ವಳ ಸಾವಿರ, ಅಫಜಲಪುರದಲ್ಲಿ ಸೂಟು ಮುರಿದು ಒಂಬೈನೂರ ಎಪ್ಪತ್ತಾರು ಎಂಬಿಗಳಷ್ಟು ಇರತಕ್ಕದ್ದು. ತಾಲೂಕಿನ ಗಡಿ ದಾಟುವ ಜಿಬಿಯು ತಾನು ತಲುಪಿದ ತಾಲೂಕಿನ ಅಳತೆಯನ್ನು ಪಾಲಿಸತಕ್ಕದ್ದು. ಜೇವರಗಿಯ ಹೆಚ್ಚುವರಿ ಇಪ್ಪತ್ನಾಲ್ಕನ್ನು ಯಂತ್ರದಿಂದ ಕದಲಿಸದೆ, ಕಚೇರಿಯ ಕಬ್ಬಿಣದ ಕಪಾಟಿನಲ್ಲಿ ಭದ್ರವಾಗಿ ಇಡತಕ್ಕದ್ದು.”

ಕದಲಿಸದೆ ಕಪಾಟಿನಲ್ಲಿ ಇಡುವುದು ಹೆಂಗ ಅಂತ ಸಮಿತಿಯಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದು ಬೇರೆ: ಕಪಾಟಿನ ಕೀಲಿ ಯಾರ ಕೈಯಲ್ಲಿ? ಕಳೆದರೆ ಯಾರ ತಲೆಗೆ? ಅರುಣಕುಮಾರ ಒಲ್ಲೆ ಅಂದ. ಅಬ್ದುಲ್ ಗನಿಗೆ ಕಬ್ಬು ಕಡಿಯುವುದಿತ್ತು. ಸಾಹೇಬರಿಗೆ ನಿವೃತ್ತಿ ಸಮೀಪ. ಕಡೆಗೆ, ಇಪ್ಪತ್ನಾಲ್ಕನ್ನು ಮೊದಲು ಕಂಡವಳೇ ಕಾಯಲಿ, ಅವು ವಿಲೇವಾರಿ ಆಗುವ ತನಕ ಆಕೆಯ ಗುತ್ತಿಗೆ ನಡೆಯಲಿ ಅಂತ ಆಯಿತು. ಇಲ್ಲದ್ದನ್ನು ವಿಲೇವಾರಿ ಮಾಡಲು ಈ ಜಿಲ್ಲೆಯಲ್ಲಿ ಎಷ್ಟು ವರ್ಷ ಹಿಡಿಯುತ್ತದೆ ಅಂತ ಗೊತ್ತಿದ್ದವರಿಗೆ ಗೊತ್ತು. ಕಾಯಂ ನೌಕರಿಗಿಂತ ಗಟ್ಟಿ ಅದು.

ಒಂದೇ ಅಡಚಣೆ. ದಿನಾ ಮುಂಜಾನೆ ರಜಿಸ್ಟರಿನಲ್ಲಿ “ಇಪ್ಪತ್ನಾಲ್ಕು, ಸುರಕ್ಷಿತ” ಅಂತ ಬರೆದು ಸಹಿ ಮಾಡಬೇಕು. ಮುಸ್ಕಾನ ಆ ದಿನ ಊಟ ಬಿಟ್ಟು ನನ್ನ ಹತ್ತಿರ ಬಂದು ಕೂತಳು.

“ಇಲ್ಲದ್ದಕ್ಕ ಹ್ಯಾಂಗ ಸಹಿ ಮಾಡ್ಲಿ ಆಯಿ?”

“ಇದ್ದದ್ದಕ್ಕ ಸಹಿ ಮಾಡಿದವರೇ ಜೇಲಿಗಿ ಹೋಗ್ಯಾರ. ಇಲ್ಲದ್ದು ಕಳಿಯಲ್ಲ ಬೇ. ಇಲಿ ತಿನ್ನಲ್ಲ, ಗೆದ್ದಲು ಹತ್ತಲ್ಲ.”

“ನಾ ಬರದದ್ದು ಖರೇ ಇತ್ತು.”

“ಖರೇ ಇತ್ತು ಅಂತ ಯಾರು ಅಲ್ಲ ಅಂದಾರ? ಅದಕ್ಕೇ ಕಪಾಟಿನ್ಯಾಗ ಇಡಾಕತ್ತಾರ.”

ಬಹಳ ಹೊತ್ತು ಬೇವಿನ ಕಡ್ಡಿಯಿಂದ ನೆಲದಲ್ಲಿ ಎರಡು, ನಾಕು, ಎಂಟು ಬರೆದಳು. ಆಮೇಲೆ ಎದ್ದು ಒಳಗೆ ಹೋದಳು. ಸಾಹೇಬರ ಮುಂದೆ ನಿಂತು ಆಕೆ ಹೇಳಿದ್ದು ಕಿಟಕಿಯಿಂದ ಪೂರಾ ಕೇಳಿತು: “ಸಹಿ ಮಾಡ್ತೇನ್ರಿ. ಆದ್ರ ನನ್ನ ಸಾಲು ಪುಸ್ತಕದಾಗ ಇರಬೇಕು.” ಸಾಹೇಬರು ತಕ್ಕಡಿ ಹಿಡಿದಂಗೆ ಕೈ ಆಡಿಸಿ, ಕಡೆಗೆ ಒಪ್ಪಿದರು. ಸಾಲು ಅಚ್ಚಾಯಿತು. ಮುಂದೆ ಕಂಸದಲ್ಲಿ ‘ಜೇವರಗಿಗೆ ಮಾತ್ರ’ ಅಂತ ಸೇರಿಸಿದರು.

ಈಗ ಎಲ್ಲ ಸುರಳೀತ ನಡೆದಿದೆ. ಆಳಂದದ ಕಲ್ಪಿತ ಯಂತ್ರ ನಿಯಮಾನುಸಾರ ನಿಂತಿದೆ. ಅಲ್ಲಿಯ ಜನ ಬಸ್ಸು ಹಿಡಿದು ಇಲ್ಲಿಗೆ ಬಂದು ಪಹಣಿ ಒಯ್ಯುತ್ತಾರೆ, ನನ್ನ ಶೇಂಗಾ ಹೋಗುತ್ತದೆ, ನನ್ನದೇನೂ ತಕರಾರಿಲ್ಲ. ಅಫಜಲಪುರದ್ದು ಚಲೋ ಓಡುತ್ತದೆ. ಅಬ್ದುಲ್ ಗನಿ ಕಾಗದದಲ್ಲಿ ಒಂಬೈನೂರ ಎಪ್ಪತ್ತಾರರ ಲೆಕ್ಕ ಬರೆದು, ಯಂತ್ರಕ್ಕೆ ಮುಸ್ಕಾನ ಫೋನಿನಲ್ಲಿ ಹೇಳಿದ ಅಂಕಿ ಹಾಕುತ್ತಾನೆ. ಕಾಟಾ ಕಂಡ ಮನುಷ್ಯ, ಎರಡು ಚೀಟಿ ಇಡುವುದು ಗೊತ್ತು.

ಜೂನ್ ತಿಂಗಳು ಕಲಬುರಗಿಯಿಂದ ತಪಾಸಣೆಗೆ ಅಣ್ಣಾರಾಯ ಅಂತ ಒಬ್ಬರು ಬಂದರು. ಕಟ್ಟುನಿಟ್ಟಿನ ಮನುಷ್ಯ, ನನ್ನ ಹತ್ತಿರ ಶೇಂಗಾ ಸುದ್ದಾ ಎಣಿಸಿ ತಗೊಂಡರು. ಕಪಾಟು ತೆರೆಸಿದ ಸಪ್ಪಳಕ್ಕೆ ನಾನು ಎದ್ದು ಕಿಟಕಿಯಿಂದ ಇಣುಕಿದೆ. ಒಳಗೆ ಹಾಸಿದ ವೃತ್ತಪತ್ರಿಕೆ ಬಿಟ್ಟರೆ ಏನೂ ಇರಲಿಲ್ಲ. ಮುಸ್ಕಾನ ಕೀಲಿ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ತಪಾಸಣೆಯವರು ಬರೆದದ್ದರ ಮೇಲೆ ಆಕೆಯ ಅನ್ನ.

ಅಣ್ಣಾರಾಯರು ಕನ್ನಡಕ ಏರಿಸಿ, ಪೆನ್ನಿನ ತುದಿಯಿಂದ ಖಾಲಿ ಹಲಗೆಯ ಮೇಲೆ ಒಂದು, ಎರಡು ಅಂತ ಎಣಿಸತೊಡಗಿದರು. ಮೇಲಿನ ಹಲಗೆ ಮುಗಿಸಿ ಕೆಳಗಿನದಕ್ಕೆ ಬಂದರು. ಕಡೆಗೆ ನಿಂತರು.

“ಇಪ್ಪತ್ಮೂರು ಅವ.”

ಸಾಹೇಬರು ಕುರ್ಚಿ ಹಿಡಿದರು. ನಾನು ಕಿಟಕಿಯ ಸರಳು ಹಿಡಿದೆ.

ಮುಸ್ಕಾನ ಒಂದು ಗಳಿಗೆ ಕಪಾಟು ನೋಡಿದಳು. ಆಮೇಲೆ, ಹತ್ತು ವರ್ಷ ಸರ್ವಿಸ್ ಆದವರ ದನಿಯಲ್ಲಿ, “ಒಂದು ಅಫಜಲಪುರಕ್ಕ ಎರವಲು ಸೇವೆ ಮ್ಯಾಲ ಹೋಗ್ಯಾದ್ರಿ,” ಅಂದಳು.

“ಆದೇಶದ ಪ್ರತಿ?”

“ಬರಕೊಡ್ತೇನ್ರಿ.”

“ಹಿಂದಿನ ತಾರೀಖು ಹಾಕ್ರಿ.” ಅಣ್ಣಾರಾಯರು ವರದಿ ಬರೆದರು: “ಇಪ್ಪತ್ಮೂರು ಖುದ್ದು ಪರಿಶೀಲಿಸಿದೆ. ಒಂದು ಎರವಲು ಸೇವೆಯಲ್ಲಿದೆ. ಒಟ್ಟು ಸರಿ ಇದೆ. ಪಾಲಕಿಯ ಕೆಲಸ ತೃಪ್ತಿಕರ, ಮುಂದುವರಿಸಬಹುದು.” ಹೋಗುವಾಗ, ಅದು ವಾಪಸ್ ಬಂದ ದಿನ ಹಾಜರಿ ಹಾಕಿಸಿರಿ ಅಂತ ಹೇಳಿಹೋದರು.

ಮುಂದಿನ ಸೋಮವಾರ ಅದು ಅಫಜಲಪುರದಿಂದ ಬಂದು ಹಾಜರಾಯಿತು. ಬಸ್ಸು ತಡವಾಗಿದ್ದರಿಂದ ಅದರ ಹೆಸರಿಗೆ ಅರ್ಧ ದಿನದ ರಜೆ ಹಾಕಿದ್ದಾರೆ.