ಅತ್ತೆಯವರ ಫೋಟೋ ತಿದ್ದಿದ ಪಾಪ

ಮುಪ್ಪಿನಲ್ಲಿ ತಪ್ಪೊಪ್ಪಿಕೊಳ್ಳುವುದಕ್ಕೆ ಒಂದು ಅನುಕೂಲವಿದೆ. ಬೈಯಬೇಕಾದವರು ಅಷ್ಟು ಹೊತ್ತಿಗೆ ಹೋಗಿರುತ್ತಾರೆ. ನನಗೆ ಆ ಭಾಗ್ಯವಿಲ್ಲ. ನನ್ನಾಕೆ ಗಿರಿಜೆ ಗಟ್ಟಿಮುಟ್ಟಾಗಿದ್ದಾಳೆ.

ಎಸ್ಸೆಸ್ಸೆಲ್ಸಿ ಮುಗಿಸಿ ಗುಬ್ಬಿಯ ಪ್ರೆಸ್ಸೊಂದರಲ್ಲಿ ಮೂವತ್ತು ವರ್ಷ ಕರಡು ತಿದ್ದಿದವನು ನಾನು. ಲಗ್ನಪತ್ರಿಕೆ, ಮಠದ ಕರಪತ್ರ, ಎಲ್ಲದರಲ್ಲೂ ತಪ್ಪು ಹುಡುಕುವುದೇ ಅನ್ನ. ಚಟ ಈಗಲೂ ಬಿಟ್ಟಿಲ್ಲ. ತುಮಕೂರಿನ ಹೋಟೆಲಿನಲ್ಲಿ ದೋಸೆ ಬರುವುದರೊಳಗೆ ಮೆನು ಕಾರ್ಡು ತಿದ್ದಿರುತ್ತೇನೆ.

ಗಿರಿಜೆಯ ತಾಯಿಯದು ಇದ್ದದ್ದು ಒಂದೇ ಫೋಟೋ. ಅದಕ್ಕೂ ಗೆದ್ದಲು ಹತ್ತಿದಾಗ ಕುಣಿಗಲ್ಲಿನ ಸ್ಟುಡಿಯೋದವನು ಕಂಪ್ಯೂಟರಿಗೆ ಹಾಕಿ, ಚೊಕ್ಕಟ ಮಾಡಿ ಪೆನ್‌ಡ್ರೈವಿನಲ್ಲಿ ಕೊಟ್ಟ. ದೊಡ್ಡದು ಮಾಡಿಸಿ ಗೋಡೆಗೆ ಹಾಕಬೇಕೆಂದು ಅವಳಾಸೆ. ಒಂದು ಮಧ್ಯಾಹ್ನ ನಾನು ಮೊಮ್ಮಗಳ ಕಂಪ್ಯೂಟರಿನಲ್ಲಿ ಅದನ್ನು ನೋಡಲು ಹೋಗಿ, ಏನು ಒತ್ತಿದೆನೋ, ಅದು ಅಕ್ಷರ ಬರೆಯುವ ನೋಟ್‌ಪ್ಯಾಡಿನಲ್ಲಿ ತೆರೆದುಕೊಂಡಿತು. ಅತ್ತೆಯವರ ಬದಲು ಪುಟಗಟ್ಟಲೆ ಕಸ: ಚೌಕ, ಪ್ರಶ್ನಾರ್ಥಕ, ಕೊಂಬು ಮೂಡಿದ ಅಕ್ಷರ. ಇಷ್ಟು ಕೆಟ್ಟ ಕರಡನ್ನು ನಾನು ಕಂಡಿರಲಿಲ್ಲ. ಕೈ ಸುಮ್ಮನಿರಲಿಲ್ಲ. ಖಾಲಿ ಜಾಗ ಅಳಿಸಿದೆ, ಸಾಲು ಸರಿಮಾಡಿದೆ, ಹಳೆಯ ಅಭ್ಯಾಸದಂತೆ ಕೊನೆಗೆ ‘ಶುಭಂ’ ಸೇರಿಸಿ ಸೇವ್ ಮಾಡಿದೆ.

ಫೋಟೋ ಮತ್ತೆ ತೆರೆಯಲಿಲ್ಲ. ಗಿರಿಜೆ ಸ್ಟುಡಿಯೋದವನಿಗೆ ಫೋನು ಮಾಡಿ, “ನಮ್ಮವ್ವನ ಮುಖ ಹಾಳ್ಮಾಡಿ ಕೊಟ್ಟಿದೀಯಲ್ಲಪ್ಪ, ನಿಂಗೆ ಅವ್ವ ಇಲ್ವಾ?” ಎಂದು ಬೈದು ಅತ್ತಳು. ನಾನು ಪಕ್ಕದಲ್ಲೇ ಕುಳಿತು, “ಈಗಿನೋರೇ ಹಿಂಗೆ” ಎಂದೆ. ನರಕಕ್ಕೆ ಹೋಗಲು ಈ ಒಂದು ಮಾತು ಸಾಕು.

ಇಂಜಿನಿಯರಿಂಗ್ ಓದುವ ಮೊಮ್ಮಗಳು ಸಿಂಚನಾ ಆ ಫೈಲನ್ನು ಕೆದಕಿ ನೋಡಿ, ನನ್ನನ್ನು ಹಿತ್ತಿಲಿಗೆ ಕರೆದಳು.

“ತಾತ, ಮುತ್ತಜ್ಜಿ ಫೋಟೋ ಒಳಗೆ ಶುಭಂ ಅಂತ ಬರ್ದೋರು ಯಾರು?”

ತೆಂಗಿನ ಮರ ನೋಡಿದೆ.

“ಓದೋ ಫೈಲು ಟೆಕ್ಸ್ಟು ಕಣ್ ತಾತ. ಫೋಟೋ ಬೈನರಿ, ಅಂದ್ರೆ ಕಂಪ್ಯೂಟ್ರಿಗಷ್ಟೇ ಅರ್ಥ ಆಗೋ ಅಂಕಿ. ಅದರೊಳಗಿರೋದನ್ನ ಹೆಂಗಿದೆಯೋ ಹಂಗೇ ಇಡ್ಬೇಕು. ನಾವು ಪ್ರೋಗ್ರಾಂ ಬರೆಯೋವಾಗ ಇದು ಬೈನರಿ ಅಂತ ಹೇಳೋದು ಮರೆತ್ರೆ ಕೆಲವು ಸಲ ಕಂಪ್ಯೂಟ್ರೇ ಅದನ್ನ ಬರಹ ಅನ್ಕೊಂಡು ಸಾಲು ಮುಗಿಯೋ ಗುರ್ತು ಬದಲಾಯಿಸಿ ಕೆಡಿಸ್ಬುಡುತ್ತೆ. ನೀನು ಅದನ್ನೂ ಮೀರಿಸ್ದೆ. ಸ್ಟುಡಿಯೋದಲ್ಲಿ ಇನ್ನೊಂದು ಕಾಪಿ ಇರ್ಬೌದು, ಹೋಗಿ ಒಪ್ಕೋ.”

ಬಸ್ಸು ಹತ್ತಿ ಕುಣಿಗಲ್ಲಿಗೆ ಹೋದೆ. ಸ್ಟುಡಿಯೋದವನು ಎಲ್ಲ ಕೇಳಿ, “ಯಜಮಾನ್ರೇ, ನೋಡೋದನ್ನ ಓದಕ್ಕೆ ಹೋದ್ರಾ?” ಎಂದು ನಕ್ಕ. “ಕಾಪಿ ಐತೆ. ಆದ್ರೆ ತಪ್ಪು ನಂದಲ್ಲ ಅಂತ ಅಮ್ಮಾವ್ರು ಒಂದ್ ಮಾತು ಹೇಳ್ಬೇಕು.”

ಅಲ್ಲಿಂದಲೇ ಗಿರಿಜೆಗೆ ಫೋನು ಮಾಡಿ, ‘ಶುಭಂ’ವರೆಗೂ ಎಲ್ಲ ಹೇಳಿದೆ. ಸ್ಟುಡಿಯೋದವನಿಗೂ ಕೇಳಲೆಂದು ಸ್ಪೀಕರ್ ಹಾಕಿದ್ದೆ. ಅವಳು ಮೊದಲು ಅವನ ಕ್ಷಮೆ ಕೇಳಿದಳು. ಆಮೇಲೆ ನನಗೆ ಹೇಳಿದಳು: “ಕಂಡಿದ್ನೆಲ್ಲ ತಿದ್ದಲೇಬೇಕಾ ನೀವು? ನಲವತ್ತು ವರ್ಷದಿಂದ ನಿಮ್ಮನ್ನ ಒಂಚೂರೂ ತಿದ್ದದೆ ಬಂದಂಗೇ ಇಟ್ಕೊಂಡಿಲ್ವಾ ನಾನು?”

ಆ ವಾಕ್ಯದಲ್ಲಿ ನನಗೆ ಒಂದು ತಪ್ಪೂ ಸಿಗಲಿಲ್ಲ.