ಕಡೂರಲ್ಲಿ ಸಮುದ್ರದ ಮೀನು

ಸಮುದ್ರವೇ ಕಾಣದ ಊರಲ್ಲಿ ಸಮುದ್ರದ ಮೀನು ಸಾಕಿದ್ರೆ ಇಂಥವೆಲ್ಲ ನಡೀತಾನೇ ಇರ್ತವೆ. ನಾನು ಕಡೂರಲ್ಲಿ ಬ್ಲೌಸ್ ಹೊಲಿಯೋಳು. ಹೊಲಿಗೆ ಮಿಷನ್ ಪಕ್ಕದಲ್ಲೇ ಗಾಜಿನ ತೊಟ್ಟಿ ಇಟ್ಟು, ಬೆಂಗಳೂರಿನ ಅಂಗಡಿಯಿಂದ ಮೀನು, ಅದಕ್ಕೆ ಬೇಕಾದ ಉಪ್ಪು ಎಲ್ಲ ತರಿಸಿದೆ. ಬಂದ ಮೀನು ಒಂದೊಂದೇ ಸಾಯೋಕೆ ಶುರುವಾದ್ವು. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಬಿಟ್ಬಿಡು ಅನ್ನೋಕೆ ಮಾತ್ರ ಎಲ್ಲರಿಗೂ ಬರ್ತಿತ್ತು. ನಾನು ಬಿಡೋ ಪೈಕಿ ಅಲ್ಲ.

೧. ಉಪ್ಪು

ಮೊದಲನೇ ಮೀನು ಸತ್ತಾಗ ಅಂಗಡಿಯವರಿಗೆ ಫೋನ್ ಮಾಡಿದೆ. ತೊಟ್ಟಿ ನೀರು ಕಮ್ಮಿಯಾದಾಗ ಏನು ಮಾಡ್ತೀರಿ ಅಂತ ಕೇಳಿದ್ರು. ಅದು ನಮ್ಮ ಯಜಮಾನರ ಕೆಲಸ. ಸ್ಪೀಕರ್ ಹಾಕಿ ಫೋನ್ ಅವರ ಕೈಗೆ ಕೊಟ್ಟೆ.

"ಉಪ್ಪುನೀರು ಕಲಸಿ ಹಾಕ್ತೀನಿ ಸಾರ್. ಒಂದು ದಿನಾನೂ ತಪ್ಪಿಸಿಲ್ಲ," ಅಂದ್ರು ಹೆಮ್ಮೆಯಿಂದ.

"ಆವಿಯಾಗಿ ಹೋಗೋದು ಬರೀ ನೀರು ಸಾರ್. ಉಪ್ಪು ತೊಟ್ಟಿಯಲ್ಲೇ ಉಳಿಯುತ್ತೆ. ಮೇಲಿಂದ ಸಿಹಿನೀರು ಮಾತ್ರ ಹಾಕ್ಬೇಕು."

ಯಜಮಾನರು ಫೋನಿಟ್ಟು ನನ್ನ ಮುಖ ನೋಡಿದ್ರು. "ಹಂಗಾದ್ರೆ ಇಷ್ಟು ದಿನ ನಾನು ಹಾಕಿದ್ದು?"

"ಉಪ್ಪಿನಕಾಯಿ," ಅಂದೆ.

೨. ಡಾಕ್ಟ್ರು

ಉಪ್ಪು ಸರಿಹೋಯ್ತು, ಸಾವು ನಿಲ್ಲಲಿಲ್ಲ. ಸತ್ತ ಮೀನನ್ನ ಡಬ್ಬಿಗೆ ಹಾಕ್ಕೊಂಡು ತರೀಕೆರೆ ಬಸ್ ಹತ್ತಿದೆ. ಅಲ್ಲಿ ಪರಿಚಯದ ದನದ ಡಾಕ್ಟ್ರು ಇದ್ರು.

"ನಾನು ದನ ನೋಡೋನಮ್ಮ," ಅಂದ್ರು.

"ಇದನ್ನೂ ಒಂಚೂರು ನೋಡಿ ಸಾರ್," ಅಂತ ಅಲ್ಲೇ ಕೂತೆ.

ನಾನು ಏಳೋ ಹಂಗೆ ಕಾಣಲಿಲ್ಲ. ಡಾಕ್ಟ್ರು ಕನ್ನಡಕ ಏರಿಸ್ಕೊಂಡು ಡಬ್ಬಿ ತೆಗೆದ್ರು. ರೂಢಿಯ ಮಾತು ತಾನಾಗೇ ಬಂತು. "ಮೇವು ತಿಂತಿತ್ತಾ?"

"ತಿಂತಿತ್ತು."

"ಮೆಲುಕು ಹಾಕ್ತಿತ್ತಾ?"

ಬಾಗಿಲಲ್ಲಿ ಎಮ್ಮೆ ಹಿಡ್ಕೊಂಡು ನಿಂತಿದ್ದ ಗೌಡ್ರು ಅಂದ್ರು, "ಸಾರ್, ಹಾಲೆಷ್ಟು ಕೊಡ್ತಿತ್ತು ಅದನ್ನೂ ಕೇಳ್ಬಿಡಿ."

೩. ದೊಡ್ಡಮ್ಮ

ನಮ್ಮದು ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ. ಅಜ್ಜಂಪುರದಿಂದ ಬಂದ ದೊಡ್ಡಮ್ಮ ತೊಟ್ಟಿ ಕಂಡಿದ್ದೇ ಸೆರಗನ್ನ ಮೂಗಿಗೆ ಹಿಡಿದ್ರು.

"ಲಿಂಗ ಕಟ್ಟಿರೋ ಮನೇಲಿ ಮೀನಾ?"

"ತಿನ್ನೋಕಲ್ಲ ದೊಡ್ಡಮ್ಮ, ಸಾಕೋಕೆ. ಯಾರೇನಂದ್ರೂ ಸಾಕೇ ಸಾಕ್ತೀನಿ."

"ಎಷ್ಟು ತಂದಿದ್ದೆ?"

"ಏಳು."

"ಈಗೆಷ್ಟಿವೆ?"

"ಎರಡು."

ದೊಡ್ಡಮ್ಮ ಸೆರಗು ಇಳಿಸಿದ್ರು. "ತಿನ್ನೋರ ಮನೇಲೂ ಇಷ್ಟು ಬೇಗ ಮುಗಿಯಲ್ಲ ಕಣೇ."

೪. ಸಾಮ್ರಾಣಿ

ಆ ಮಾತು ನಾಟ್ತು. ಉಳಿದೆರಡನ್ನ ಸಾಯೋಕೆ ಬಿಡಲ್ಲ ಅಂತ ಹಟ ಹಿಡಿದೆ. ಯೋಚಿಸಿ ನೋಡಿದ್ರೆ ಮೀನು ಸತ್ತು ತೇಲ್ತಿದ್ದಿದ್ದು ಯಾವಾಗ್ಲೂ ಶನಿವಾರ ಬೆಳಿಗ್ಗೆ. ಶುಕ್ರವಾರ ಸಾಯಂಕಾಲ ನಾನು ಹೊಲಿದ ಬಟ್ಟೆ ಕೊಡೋಕೆ ಹಿರೇನಲ್ಲೂರಿಗೆ ಹೋಗಿರ್ತಿದ್ದೆ. ಆ ಶುಕ್ರವಾರ ಹೋಗದೆ ತೊಟ್ಟಿ ಮುಂದೇನೇ ಕೂತೆ.

ದೀಪ ಹಚ್ಚೋ ಹೊತ್ತಿಗೆ ನಮ್ಮತ್ತೆ ಕೆಂಡದ ಬಟ್ಟಲು ಹಿಡ್ಕೊಂಡು ಬಂದ್ರು. ಹೊಗೆ ಆಚೆ ಹೋಗಬಾರದು ಅಂತ ಕಿಟಕಿ ಮುಚ್ಚಿದ್ರು. ಒಂದು ಹಿಡಿ ಸಾಮ್ರಾಣಿ ಸುರಿದು ಬಟ್ಟಲನ್ನ ತೊಟ್ಟಿ ಪಕ್ಕ ಇಟ್ರು. ನೀರಿಗೆ ಗಾಳಿ ಊದೋ ಪಂಪು ಇದ್ದಿದ್ದೂ ಅಲ್ಲೇ. ಅದು ಹೊಗೆಯನ್ನೆಲ್ಲ ಎಳ್ಕೊಂಡು ನೀರೊಳಗೆ ಬಿಡ್ತು. ಗುಳ್ಳೆ ಒಡೆದಾಗೆಲ್ಲ ಒಂದೊಂದು ಎಳೆ ಹೊಗೆ ಏಳ್ತಿತ್ತು. ಎರಡು ಮೀನೂ ಮೇಲೆ ಬಂದು ಬಾಯಿ ಬಿಡ್ತಿದ್ವು.

"ಅತ್ತೆ, ಏನಿದು?"

"ದೃಷ್ಟಿಯಾಗಿದೆ ಕಣೇ ಇವಕ್ಕೆ. ವಾರ ವಾರ ಹಾಕ್ತೀನಿ. ಒಂದೊಂದು ಸತ್ತಂಗೆಲ್ಲ ಸಾಮ್ರಾಣಿ ಜಾಸ್ತಿ ಮಾಡ್ತಾ ಬಂದೆ."

ಓಡಿ ಕಿಟಕಿ ತೆಗೆದೆ. ಅರ್ಧ ನೀರು ಬದಲಾಯಿಸಿದೆ. ಪಂಪನ್ನ ಜಗಲಿಗೆ ಸಾಗಿಸಿ, ಪೈಪು ಮಾತ್ರ ಒಳಗೆ ಬಿಟ್ಟೆ. ಹೊಗೆಯಿಂದಲೇ ಸತ್ವು ಅಂತ ಎಷ್ಟು ಬಿಡಿಸಿ ಹೇಳಿದ್ರೂ ಅತ್ತೆ ಒಪ್ಪಲಿಲ್ಲ.

ಅವತ್ತಿಂದ ಒಂದೂ ಸತ್ತಿಲ್ಲ. ಎರಡೂ ದುಂಡಗಾಗಿವೆ. ಬ್ಲೌಸ್ ಕೊಡೋಕೆ ಬಂದೋರು, ಸಮುದ್ರದ ಮೀನು ಈ ಊರಲ್ಲಿ ಹೆಂಗೆ ಬದುಕಿದ್ವು ಅಂತ ಕೇಳಿದ್ರೆ, ನಾನು ಬಾಯಿ ತೆಗೆಯೋ ಮುಂಚೆ ಅತ್ತೆ ಹೇಳ್ತಾರೆ:

"ನನ್ನ ಸಾಮ್ರಾಣಿ ಕಣಮ್ಮ. ತಡೀಲಾರದವು ಹೋದ್ವು, ಇವೆರಡು ಗಟ್ಟಿಯಾದ್ವು."