ನೀರು ಇಳಿದ್ರೆ ತುಂಬ್ಸು

ಅಡುಗೆಗೆ ಉಪ್ಪು ಹಾಕುವ ವಿಷಯದಲ್ಲಿ ನನ್ನ ಕೈ ತಪ್ಪುವುದಿಲ್ಲ ಎಂಬ ಜಂಬ ನನಗೆ ಬಹಳ ವರ್ಷ ಇತ್ತು. ನಾನು ಚಮಚ ಮುಟ್ಟುವವಳಲ್ಲ. ಡಬ್ಬಿಗೆ ಕೈ ಹಾಕಿ ಬೆರಳಿಗೆ ಬಂದಷ್ಟನ್ನು ಹಾಕಿದರೆ ಇಬ್ಬರ ಸಾರಿಗೂ ಸರಿ, ನಲವತ್ತು ಜನರ ಹುಳಿಗೂ ಸರಿ. ಒಬ್ಬೊಬ್ಬರಿಗೆ ಒಂದೊಂದು ಜಂಬ ಇರುತ್ತದೆ. ಕೆಲವರಿಗೆ ಮಕ್ಕಳ ಮೇಲೆ, ಕೆಲವರಿಗೆ ತೋಟದ ಮೇಲೆ. ನನ್ನದು ಚಿಟಿಕೆಯಷ್ಟು ಚಿಕ್ಕ ಜಂಬ, ಯಾರಿಗೂ ತೊಂದರೆ ಕೊಡದ್ದು. ಅದನ್ನೂ ಕಳೆದುಕೊಂಡದ್ದು ಹೇಗೆ ಎಂದು ಹೇಳುತ್ತೇನೆ. ನಗು ಬಂದರೆ ನಕ್ಕುಬಿಡಿ, ಸಂಕೋಚ ಬೇಡ. ನನಗೆ ಮಾತ್ರ ಇನ್ನೂ ನಗು ಬಂದಿಲ್ಲ.

ನಾನು ತಿಪಟೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನಮ್ಮ ಯಜಮಾನರು ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿದ್ದು ನಿವೃತ್ತರಾದವರು. ಆಯುಷ್ಯವೆಲ್ಲ ಸುಣ್ಣಕಲ್ಲಿನ ಪುಡಿಯನ್ನು ತೂಗಿ, ಕರಗಿಸಿ, ಅಳೆದು ಬಂದವರಿಗೆ ಮನೆಯಲ್ಲಿ ಅಳೆಯಲು ಏನೂ ಸಿಗಲಿಲ್ಲ. ಕೆಲವು ತಿಂಗಳು ಮಂಕು ಕವಿದವರಂತೆ ಕೂತಿದ್ದರು. ಕುಕ್ಕರಿನ ಎರಡು ಕೂಗಿನ ನಡುವೆ ಎಷ್ಟು ಸೆಕೆಂಡು ಎಂದು ಗಡಿಯಾರ ಹಿಡಿದು ನೋಡುವ ಮಟ್ಟಕ್ಕೆ ಬಂದಾಗ ನನಗೆ ದಿಗಿಲಾಯಿತು. ಆಮೇಲೆ ಎಲ್ಲಿ ಏನು ನೋಡಿದರೋ, ನಮ್ಮ ಹಾಲಿಗೆ ಮೂರಡಿ ಉದ್ದದ ಗಾಜಿನ ತೊಟ್ಟಿ ಬಂತು. ಅದರೊಳಗೆ ಬಿಳಿ ಪಟ್ಟಿಯ ಎರಡು ಕಿತ್ತಳೆ ಮೀನು, ಜೊತೆಗೆ ಜೀವಂತ ಹವಳ. ಹವಳ ಎಂದರೆ ಉಂಗುರಕ್ಕೆ ಕೂರಿಸುವ ಕಲ್ಲು ಎಂದುಕೊಂಡಿದ್ದ ನನಗೆ, ಅದು ಹೂವಿನಂತೆ ಅರಳಿ ಮುಟ್ಟಿದರೆ ಮುದುಡುವ ಪ್ರಾಣಿ ಎಂದು ತಿಳಿದದ್ದು ಆಗ.

ಹವಳಕ್ಕೆ ಕಡಲ ನೀರೇ ಆಗಬೇಕು. ನಮ್ಮೂರಿನ ಸುತ್ತ ಎತ್ತ ನೋಡಿದರೂ ತೆಂಗು, ಕಡಲಿನ ಸುಳಿವಿಲ್ಲ. ಹಾಗಾಗಿ ಕಡಲನ್ನು ಮನೆಯಲ್ಲೇ ತಯಾರಿಸಬೇಕು. ಬೋರ್‌ವೆಲ್ ನೀರು ನಡೆಯದು. ಆರ್‌ಒ ಯಂತ್ರದ ಶುದ್ಧ ನೀರನ್ನು ನೀಲಿ ಡ್ರಮ್ಮಿಗೆ ಹಿಡಿದು, ಅದಕ್ಕೆಂದೇ ಬಕೆಟ್ಟಿನಲ್ಲಿ ಬರುವ ಉಪ್ಪನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಸುರಿದು, ಸಣ್ಣ ಪಂಪು ಇಟ್ಟು ಒಂದಿಡೀ ದಿನ ತಿರುಗಿಸಬೇಕು. ಆಮೇಲೆ ಒಂದು ಹನಿಯನ್ನು ಪುಟ್ಟ ದುರ್ಬೀನಿನಂಥ ಮೀಟರಿನ ಗಾಜಿನ ಮೇಲೆ ಹಾಕಿ ಬೆಳಕಿಗೆ ಹಿಡಿದರೆ ಒಳಗಿನ ಗೆರೆ ಮೂವತ್ತೈದರಲ್ಲಿ ನಿಲ್ಲಬೇಕು. ಅಲ್ಲಿಗೆ ಕಡಲು ಸಿದ್ಧ. ದೂಳು ಬೀಳದಂತೆ ಮುಚ್ಚಳ ಹಾಕಿ ಇಟ್ಟುಕೊಂಡು, ವಾರಕ್ಕೊಮ್ಮೆ ತೊಟ್ಟಿಯಿಂದ ಒಂದು ಬಕೆಟ್ ಹಳೇ ನೀರು ತೆಗೆದು ಇದನ್ನು ತುಂಬಬೇಕು.

ಆ ಹಳೇ ನೀರನ್ನು ಮೋರಿಗೆ ಚೆಲ್ಲುವುದನ್ನು ಒಂದು ದಿನ ನಮ್ಮ ಮನೆಗೆ ಕಾಯಿ ಕೆಡವಿಕೊಡುವ ಸಿದ್ದಣ್ಣ ನೋಡಿದ. “ಅಯ್ಯಯ್ಯೋ, ಚೆಲ್ಲಬ್ಯಾಡಿ ಕಣ್ರಮ್ಮ! ತೆಂಗಿನ ಸಸಿ ಇಕ್ಕುವಾಗ ಗುಂಡಿಗೆ ಉಪ್ಪು ಹಾಕ್ತೀವಿ. ನಂಗೆ ಕೊಡಿ” ಎಂದು ಕ್ಯಾನು ಹಿಡಿದು ಬಂದ. ಇವರು ಅವನನ್ನು ಕೂರಿಸಿಕೊಂಡು ಆ ಉಪ್ಪು ಬೇರೆ ಈ ಉಪ್ಪು ಬೇರೆ ಎಂದು ಅರ್ಧ ಗಂಟೆ ವಿವರಿಸಿದರು. ಸಿದ್ದಣ್ಣ ಖಾಲಿ ಕ್ಯಾನು ಹಿಡಿದು ಹೊರಗೆ ಬಂದು, “ಯಜಮಾನ್ರು ಆರೋಗ್ಯವಾಗವ್ರೆ ತಾನೆ?” ಎಂದು ಮೆಲ್ಲಗೆ ಕೇಳಿದ. ನನಗೆ ಬೇಜಾರಾದದ್ದು ಅದಕ್ಕಲ್ಲ. ಸಿದ್ದಣ್ಣನ ಹತ್ತಿರ ಅರ್ಧ ಗಂಟೆ ಮಾತಾಡಿದ ಈ ಮನುಷ್ಯ ನನ್ನ ಹತ್ತಿರ ಅರ್ಧ ವಾಕ್ಯಕ್ಕಿಂತ ಹೆಚ್ಚು ಮಾತಾಡಿದ್ದಿಲ್ಲ. “ಅದು ತಗೊಂಬಾ” ಎನ್ನುತ್ತಾರೆ. ಯಾವುದು ಎಂದು ನಾನೇ ತಿಳಿಯಬೇಕು. “ಅವತ್ತಿನ ಥರ ಮಾಡು” ಎಂದರೆ ಯಾವತ್ತು, ಏನು ಎಂಬುದೂ ನನ್ನ ಜವಾಬ್ದಾರಿಯೇ. ‘ಪೂರ್ಣ ವಾಕ್ಯದಲ್ಲಿ ಉತ್ತರಿಸಿ’ ಎಂದು ಮಕ್ಕಳಿಗೆ ಹೇಳಿ, ಹೇಳಿದಂತೆ ಬರೆಯದಿದ್ದರೆ ಅರ್ಧ ಅಂಕ ಕಳೆಯುವ ನಾನು, ಮನೆಯಲ್ಲಿ ಮಾತ್ರ ಬಿಟ್ಟ ಸ್ಥಳ ತುಂಬುತ್ತಾ ಬಂದೆ. ಅದರಲ್ಲೂ ನನಗೆ ಒಳಗೊಳಗೇ ಹೆಮ್ಮೆಯಿತ್ತೆಂದು ಕಾಣುತ್ತದೆ.

ಈ ಬೇಸಿಗೆಯ ಆರಂಭದಲ್ಲಿ ಇವರಿಗೆ ಹರ್ನಿಯಾ ಆಪರೇಷನ್ ಆಗಬೇಕಾಯಿತು. ತುಮಕೂರಿನಲ್ಲಿ ಆಪರೇಷನ್, ಆಮೇಲೆ ಮೂರು ವಾರ ಅಲ್ಲೇ ಇವರ ತಂಗಿಯ ಮನೆಯಲ್ಲಿ ವಿಶ್ರಾಂತಿ ಎಂದು ತೀರ್ಮಾನವಾಯಿತು. ನನಗೆ ಪರೀಕ್ಷೆಯ ಕೆಲಸ, ರಜೆ ಇಲ್ಲ. ಭಾನುವಾರಗಳಲ್ಲಿ ಹೋಗಿ ನೋಡಿ ಬರುವುದಷ್ಟೇ ಸಾಧ್ಯವಿತ್ತು. ಹೊರಡುವ ಮುಂಚೆ ಎರಡು ದಿನ ನನಗೆ ತರಬೇತಿ ಕೊಟ್ಟರು. ತೂಕದ ಯಂತ್ರದಲ್ಲಿ ಉಪ್ಪು ತೂಗಿಸಿದರು, ಮೀಟರು ಹಿಡಿಸಿದರು, ಡ್ರಮ್ಮಿನ ಮುಚ್ಚಳವನ್ನು ನನ್ನ ಕೈಯಿಂದಲೇ ಎರಡೆರಡು ಸಲ ಹಾಕಿಸಿದರು. ಕಡೆಗೆ ಕಾರಿನೊಳಗೆ ಒಂದು ಕಾಲಿಟ್ಟು ತಿರುಗಿ, “ನೀರು ಇಳಿದ್ರೆ ತುಂಬ್ಸು” ಎಂದರು.

“ಹೂಂ ರೀ, ಗೊತ್ತು. ನೀವು ಧೈರ್ಯವಾಗಿ ಹೋಗ್‌ಬನ್ನಿ” ಎಂದೆ.

ಮೊದಲ ಡ್ರಮ್ಮಿನ ನೀರು ಬೆರೆಸಿ ಮೀಟರಿಗೆ ಕಣ್ಣಿಟ್ಟರೆ ಗೆರೆ ನೆಟ್ಟಗೆ ಮೂವತ್ತೈದರಲ್ಲಿ! ಫೋನು ಮಾಡಿ ಹೇಳಿದೆ. “ಹೂಂ” ಎಂದರು. ಇವರ ಬಾಯಲ್ಲಿ ಹೂಂ ಎಂದರೆ ಬೇರೆಯವರು ಹಾರ ಹಾಕಿದ ಹಾಗೆ. ಎರಡನೆಯ ಡ್ರಮ್ಮೂ ಮೂವತ್ತೈದೇ, ಮೂರನೆಯದೂ ಅಷ್ಟೇ. ಬಿಸಿಲು ಜೋರಾಗಿತ್ತು. ದಿನಾ ಸಂಜೆ ಸ್ಕೂಲಿನಿಂದ ಬಂದು ನೋಡಿದರೆ ತೊಟ್ಟಿಯ ನೀರು ಒಂದು ಬೆರಳು ಇಳಿದಿರುತ್ತಿತ್ತು. ದಿನಾ ಡ್ರಮ್ಮಿನಿಂದ ಎರಡು ಮೂರು ತಂಬಿಗೆ ಕಡಲ ನೀರು ಮೊಗೆದು ತುಂಬುತ್ತಿದ್ದೆ. ಕಡಲು ಬತ್ತಿದರೆ ಕಡಲ ನೀರು ತಾನೆ ಹಾಕಬೇಕು? ಡ್ರಮ್ಮು ಸರಿಸಲು ಎದುರು ಮನೆಯ ಟೈಲರು ಶಕೀಲಾ ಕೈ ಹಾಕುತ್ತಿದ್ದಳು. “ಟೀಚರಮ್ಮ, ಯಜಮಾನ್ರು ಬರೋ ಹೊತ್ಗೆ ನೀವೇ ಉಸ್ತಾದ್ ಆಗೋಯ್ತೀರ ಬುಡಿ” ಎನ್ನುತ್ತಿದ್ದಳು. ನಾನೂ ಹಾಗೇ ಅಂದುಕೊಂಡಿದ್ದೆ.

ಹತ್ತನೆಯ ದಿನದ ಹೊತ್ತಿಗೆ ಹವಳಗಳು ಅರಳುವುದನ್ನು ನಿಲ್ಲಿಸಿದವು. ಇವರನ್ನು ನೆನೆಸಿಕೊಂಡು ಮುನಿದಿವೆ ಎಂದುಕೊಂಡು, ಗಾಜಿನ ಹತ್ತಿರ ಬಗ್ಗಿ, “ಇನ್ನೇನು ಬಂದ್‌ಬುಡ್ತಾರೆ, ಸುಮ್ನಿರಿ” ಎಂದೂ ಹೇಳಿದೆ. ಫೋನಿನಲ್ಲಿ, “ಹೆಂಗವೆ?” ಎಂದು ಇವರು ಕೇಳಿದರೆ, “ಚೆನ್ನಾಗವೆ ರೀ” ಎಂದೆ. ಹೊಲಿಗೆ ಹಾಕಿಸಿಕೊಂಡು ಮಲಗಿರುವವರ ತಲೆಗೆ ಮತ್ತೊಂದು ಚಿಂತೆ ಯಾಕೆ? ಮರುವಾರ ಹವಳಗಳು ತುದಿಯಿಂದ ಬೆಳ್ಳಗಾಗತೊಡಗಿದವು. ನೀರು ಸಾಲದಾಯಿತೇನೋ ಎಂದು ಇನ್ನೆರಡು ತಂಬಿಗೆ ಹಾಕಿದೆ. ಒಂದು ಬೆಳಿಗ್ಗೆ ದೊಡ್ಡ ಮೀನು ಕಲ್ಲಿನ ಸಂದಿಯಲ್ಲಿ ಅಡ್ಡಬಿದ್ದಿತ್ತು. ಚಿಕ್ಕದು ಅದರ ಸುತ್ತ ತಿರುಗುತ್ತಲೇ ಇತ್ತು, ಬಿಟ್ಟು ಹೋಗಲಿಲ್ಲ. ಸತ್ತದ್ದನ್ನು ತೆಗೆದು ಮಲ್ಲಿಗೆ ಬುಡದಲ್ಲಿ ಮಣ್ಣು ಮಾಡಿ, ಕೈ ತೊಳೆದುಕೊಂಡು ಪರೀಕ್ಷೆಗೆ ಹೋದೆ. ಮೂರು ಗಂಟೆ ಮಕ್ಕಳ ಮಧ್ಯೆ ಓಡಾಡಿದೆ. ಅವರಿಗೆ ಏನು ಪ್ರಶ್ನೆ ಬಂದಿತ್ತು ಎಂದು ಈಗಲೂ ನೆನಪಿಲ್ಲ.

ಇವರು ಬರುವ ಹಿಂದಿನ ದಿನ ಶಕೀಲಾಳ ಮುಂದೆ ಅತ್ತುಬಿಟ್ಟೆ. ಅವಳು ಹೊಲಿಗೆ ನಿಲ್ಲಿಸಿ, “ಕರೆಂಟ್ ಹೋಗಿತ್ತು ಅನ್ನಿ” ಎಂದಳು. “ಬಟ್ಟೆ ಲೇಟಾದ್ರೆ ನಾನು ಅದೇ ಹೇಳೋದು. ಇವತ್ತಿನವರ್ಗೂ ಯಾರೂ ಇಲ್ಲ ಅಂದಿಲ್ಲ.”

ಮರುದಿನ ಮಧ್ಯಾಹ್ನ ಇವರು ಬಂದರು. ಹೊಟ್ಟೆಗೆ ಕೈ ಒತ್ತಿಕೊಂಡು ನಿಧಾನವಾಗಿ ನಡೆದು ನೇರ ತೊಟ್ಟಿಯ ಮುಂದಿನ ಕುರ್ಚಿಗೆ ಹೋಗಿ ಕೂತರು. ಒಳಗೆ ಸುಟ್ಟ ಸುಣ್ಣದಂತೆ ಬೆಳ್ಳಗೆ ನಿಂತ ಹವಳ, ಒಂಟಿ ಮೀನು. ತೊಟ್ಟಿಯ ಒಂದು ಹನಿ ತೆಗೆದು ಮೀಟರಿಗೆ ಹಾಕಿ ಕಿಟಕಿಯ ಕಡೆ ಹಿಡಿದರು. ಡ್ರಮ್ಮಿನ ನೀರನ್ನಷ್ಟೇ ಪರೀಕ್ಷಿಸುತ್ತಿದ್ದ ನನಗೆ ತೊಟ್ಟಿಯ ನೀರನ್ನೂ ನೋಡಬಹುದು ಎಂದು ಹೊಳೆದದ್ದು ಆಗಲೇ. ಬಹಳ ಹೊತ್ತು ನೋಡಿ, ಮೀಟರನ್ನು ಅಂಗಿಯ ಅಂಚಿಗೆ ಒರೆಸಿ ಇಟ್ಟರು.

“ಕರೆಂಟು ಬಹಳ ಹೋಗ್ತಿತ್ತೇನೇ?” ಎಂದರು.

ನಾನು ಹೇಳಬೇಕೆಂದಿದ್ದ ಸುಳ್ಳನ್ನು ಅವರೇ ಎತ್ತಿ ಕೈಗೆ ಕೊಟ್ಟಿದ್ದರು. “ಹೂಂ ರೀ, ಮೂರು ದಿನ ಸರಿಯಾಗಿ ಇರ್ಲಿಲ್ಲ” ಎಂದೆ. ಅವರು ತೊಟ್ಟಿಯ ಲೆಕ್ಕ ಬರೆದಿಡುವ ತಮ್ಮ ಪುಸ್ತಕ ತೆಗೆದು ಏನೋ ಬರೆದುಕೊಂಡರು.

ಮರುದಿನ ಇವರು ಸ್ನಾನಕ್ಕೆ ಹೋದಾಗ ಆ ಪುಸ್ತಕ ತೆರೆದೆ. ತಾರೀಖು, ಪಕ್ಕದಲ್ಲಿ ಗುಂಡು ಅಕ್ಷರದಲ್ಲಿ ‘ಕರೆಂಟ್ ತೊಂದರೆ’. ಉಪ್ಪಿನ ಕಾಲಂ ಖಾಲಿ. ಹಿಂದಿನ ಪುಟಗಳಲ್ಲಿ ಎಲ್ಲೂ ಒಂದು ಖಾಲಿ ಕಾಲಂ ಇರಲಿಲ್ಲ. ಸುಳ್ಳು ಅಂಕಿ ಬರೆಯಲು ಈ ಮನುಷ್ಯನಿಗೆ ಕೈ ಬಂದಿಲ್ಲ, ನಿಜ ಬರೆದು ನನ್ನನ್ನು ಹಿಡಿದುಕೊಡಲೂ ಮನಸ್ಸು ಬಂದಿಲ್ಲ. ಟವೆಲು ಸುತ್ತಿಕೊಂಡು ಹೊರಗೆ ಬಂದವರಿಗೆ ಅಲ್ಲೇ ಹೇಳಿಬಿಟ್ಟೆ.

“ರೀ, ಕರೆಂಟು ಹೋಗಿರ್ಲಿಲ್ಲ.”

“ಗೊತ್ತು.”

“ದಿನಾ ಡ್ರಮ್ಮಿನ ನೀರೇ ತುಂಬ್ಸಿದೆ. ಏನು ತಪ್ಪಾಯ್ತೋ ಗೊತ್ತಿಲ್ಲ.”

ಅವರು ನಿಧಾನವಾಗಿ ಮಂಚದ ಮೇಲೆ ಕೂತರು. “ಆವಿ ಆಗೋದು ನೀರು ಕಣೇ. ಉಪ್ಪು ಅಲ್ಲೇ ಉಳೀತದೆ. ಇಳಿದಷ್ಟಕ್ಕೆ ಸಪ್ಪೆ ನೀರು ಹಾಕ್ಬೇಕು. ನೀನು ದಿನಾ ಉಪ್ಪಿನ ಮೇಲೆ ಉಪ್ಪು ಹಾಕಿದ್ದೀಯ” ಎಂದರು. ಆಮೇಲೆ, “ಯಾವ ನೀರು ಅಂತ ನಾನು ಹೇಳ್ಲಿಲ್ಲ” ಎಂದು ಸೇರಿಸಿದರು.

“ನಾನೂ ಕೇಳ್ಲಿಲ್ಲ” ಎಂದೆ.

ಬತ್ತಿದ ಸಾರಿಗೆ ಬಿಸಿನೀರು ಬೆರೆಸುವುದು ಲಂಗ ಉಡುತ್ತಿದ್ದ ಕಾಲದಿಂದ ಗೊತ್ತಿದ್ದವಳು ನಾನು. ಅದು ಇವರ ಲ್ಯಾಬಿನ ವಿದ್ಯೆಯಲ್ಲ, ನನ್ನ ಒಲೆಯ ವಿದ್ಯೆ. ಮೀಟರು ಕೈಗೆ ಬಂದ ಮೇಲೆ ಅದನ್ನು ಮರೆತೆ. ಇವರು ಉಪ್ಪಿನ ಕಾಲಂ ತೋರಿಸುತ್ತಾ ಪುಸ್ತಕವನ್ನು ನನ್ನ ಕಡೆ ತಳ್ಳಿ, “ನಲವತ್ತೈದು. ಬರಿ” ಎಂದರು. ಕೈಗೆ ಸಿಕ್ಕಿದ್ದು ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನು. ಮೂವತ್ತೈದು ಬಂದರೆ ಪಾಸು ಮಾಡುತ್ತಾ ಬಂದ ಕೈಯಲ್ಲೇ ನಲವತ್ತೈದು ಬರೆದು ಫೇಲಾದೆ.

ಈಗ ಇವರು ಭಾರ ಎತ್ತುವಂತಿಲ್ಲ. ಹವಳದ ಬಿಳಿ ಕಲ್ಲುಗಳ ನಡುವೆ ಒಂದೇ ಮೀನು ಓಡಾಡುತ್ತದೆ. ಅದಕ್ಕಾಗಿ ಪ್ರತಿ ಶನಿವಾರ ಡ್ರಮ್ಮು ತೊಳೆಯುವವಳು, ಉಪ್ಪು ತೂಗುವವಳು, ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ನೋಡುವವಳು ನಾನು. ಇವರು ಪಕ್ಕದ ಕುರ್ಚಿಯಿಂದ ಪೂರ್ಣ ವಾಕ್ಯಗಳಲ್ಲಿ ಮಾತಾಡುತ್ತಾರೆ. “ಬಲಗಡೆ ಬಕೆಟ್ಟಿನಲ್ಲಿರೋ ಸಪ್ಪೆ ನೀರನ್ನ, ತೊಟ್ಟಿಗೆ, ಗೆರೆಯವರೆಗೆ, ನಿಧಾನವಾಗಿ ಹಾಕು” ಎನ್ನುತ್ತಾರೆ. ಕಾಫಿ ಕೇಳುವುದಕ್ಕೂ ಇಷ್ಟೇ ವಿವರ. ಕೇಳಿ ಕೇಳಿ ನನಗೆ ತಲೆನೋವು ಬರುತ್ತದೆ. ಮನೆಗೆ ಬಂದವರು ಒಂದು ಮೀನಿಗೆ ಇಷ್ಟೆಲ್ಲ ಯಾಕೆ ಎಂದು ಕೇಳಿದರೆ, “ಏನ್ಮಾಡೋದು ಕಣ್ರೀ, ನಮ್ಮ ಯಜಮಾನ್ರ ಹುಚ್ಚು” ಎನ್ನುತ್ತೇನೆ. ಇವರು ಅಲ್ಲೇ ಕೂತು ಕೇಳಿಸಿಕೊಳ್ಳುತ್ತಾರೆ. ಒಂದು ಸಲವೂ ಅಲ್ಲ ಎಂದಿಲ್ಲ.